ಆ ಕಡೆಯವರ ನೀರು

ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ಆದರೆ ಅದಕ್ಕಿಂತ ತಗ್ಗಿನಲ್ಲಿ ಕತ್ತರಿಸಿರಬೇಕು. ಮೊಣಕಾಲೆತ್ತರ ಎಂದು ಹೇಳಿ ಹೇಳಿ ಈಗ ಕಣ್ಣ ಮುಂದೆಯೂ ಮೊಣಕಾಲೆತ್ತರದ ಮೋಟುಗಳೇ ಬರುತ್ತವೆ. ಅವು ನಾನು ಕಂಡ ಮೋಟುಗಳೋ, ಹೇಳಿಕೊಂಡು ಮಾಡಿಕೊಂಡ ಮೋಟುಗಳೋ, ಬೇರ್ಪಡಿಸಲು ಆಗುತ್ತಿಲ್ಲ. ಆ ದಿನ ಕೆಲಸ ಮುಗಿಸಿ ಒಂದು ಮೋಟಿನ ಅಂಚಿಗೆ ಚಪ್ಪಲಿ ಉಜ್ಜಿ ಮಣ್ಣು ಕೆರೆದುಕೊಂಡದ್ದು ಮಾತ್ರ ನೆನಪಿದೆ. ಮೊಣಕಾಲೆತ್ತರದ ಮೋಟಿಗೆ ಯಾರೂ ಅಷ್ಟು ಸಲೀಸಾಗಿ ಚಪ್ಪಲಿ ಉಜ್ಜುವುದಿಲ್ಲ.

ಇದೆಲ್ಲ ಮತ್ತೆ ಎದ್ದದ್ದು ಹೋದ ವಾರ. ಬಸವನಗುಡಿಯಲ್ಲಿ, ಗಾಂಧಿಬಜಾರಿನ ಹಿಂದಿನ ಅಡ್ಡರಸ್ತೆಯ ಒಂದು ಮನೆಗೆ ಹೋಗಿದ್ದೆ. ಹೊಸ ಕಾಂಪೌಂಡ್ ಗೋಡೆಯ ಉದ್ದಕ್ಕೂ ದಾಸವಾಳದ ಕುಂಡಗಳನ್ನು ಜೋಡಿಸಿಕೊಡಬೇಕಿತ್ತು. ಕುಂಡ ಎತ್ತುವಾಗ ಒಂದು ಎಲೆ ಹೆಬ್ಬೆರಳಿನ ಕೆಳಗೆ ಸಿಕ್ಕಿ ಅರೆದುಹೋಯಿತು. ದಾಸವಾಳದ ಎಲೆಗೆ ವಾಸನೆ ಇಲ್ಲ ಎನ್ನುವವರಿದ್ದಾರೆ. ಇದೆ. ಲೋಳೆ ಬಿಟ್ಟಾಗ ಬರುತ್ತದೆ, ಹೆಚ್ಚಿದ ಎಳೆ ಬೆಂಡೆಕಾಯಿಗೂ ಸರಿಯಾಗಿ ಒಣಗದ ಬಟ್ಟೆಗೂ ನಡುವಿನ ಒಂದು ವಾಸನೆ. ಅದು ಮೂಗಿಗೆ ತಾಗಿದಾಗ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಏಕೆಂದರೆ ಆ ಗೋಡೆ ಇರುವ ಜಾಗದಲ್ಲಿ ಇದ್ದದ್ದು ದಾಸವಾಳದ ಬೇಲಿ, ಅದನ್ನು ವರ್ಷಗಟ್ಟಲೆ ಸವರಿದವನು ನಾನು, ಕಡೆಗೆ ಅದು ಹೋದದ್ದೂ ನನ್ನ ಕಾಲದಲ್ಲೇ.

ಹೋದದ್ದು ಎನ್ನುತ್ತೇನೆ. ಸತ್ತದ್ದು ಎನ್ನಲು ನಾಲಗೆ ಬರುವುದಿಲ್ಲ. ಕೊಂದದ್ದು ಎನ್ನಬೇಕೋ ಏನೋ, ಅದನ್ನೇ ನೋಡಬೇಕಾಗಿದೆ.

ಬೇಲಿಯ ಪೂರ್ವಕ್ಕಿದ್ದದ್ದು ಸುಲೋಚನಮ್ಮನವರ ಮನೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಗಳ ಸಂಸಾರದ ಜೊತೆ ಇದ್ದರು. ಪಶ್ಚಿಮಕ್ಕೆ ಶಿವಗಂಗಮ್ಮನವರ ಮನೆ. ಕಾಟನ್‌ಪೇಟೆಯಲ್ಲಿ ಅವರಿಗೆ ಗೋಣಿಚೀಲದ ಸಗಟು ಅಂಗಡಿ, ಈಗ ಮಗ ಮಹೇಶ್ ನಡೆಸುತ್ತಾರೆ. ಈ ಇಬ್ಬರು ಹೆಂಗಸರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾಕೆ ಬಿಟ್ಟರೆಂದು ನಾನು ಕೇಳಲಿಲ್ಲ. ನನ್ನ ಕಸುಬಿನಲ್ಲಿ ಅದನ್ನು ಕೇಳಿದವನಿಗೆ ಎರಡು ಮನೆಯ ಕೆಲಸವೂ ಹೋಗುತ್ತದೆ. ಒಬ್ಬರು ಇನ್ನೊಬ್ಬರ ಹೆಸರು ಎತ್ತುತ್ತಿರಲಿಲ್ಲ. ಇವರಿಗೆ ಅವರು ಆ ಕಡೆಯವರು, ಅವರಿಗೆ ಇವರು ಆ ಕಡೆಯವರು. ನಾನು ಬೇಲಿ ದಾಟಿದ ಕೂಡಲೇ ನನ್ನ ಬಾಯಲ್ಲೂ ಆ ಕಡೆ ಅದಲುಬದಲಾಗುತ್ತಿತ್ತು.

ಬೇಲಿ ಸವರುವ ದಿನಕ್ಕೆ ಒಂದು ಕ್ರಮವಿತ್ತು. ಒಂದು ಸಲ ಪೂರ್ವದಿಂದ ಶುರು ಮಾಡಿದರೆ ಮುಂದಿನ ಸಲ ಪಶ್ಚಿಮದಿಂದ. ಮರೆತರೆ ನೆನಪಿಸುವವರಿಗೆ ಕೊರತೆಯಿಲ್ಲ. "ಹೋದ ಸಲನೂ ಅಲ್ಲಿಂದಾನೇ ಶುರು ಮಾಡಿದ್ದು ನೀನು, ನಾನೇನು ಮರೆತಿದೀನಿ ಅನ್ಕೊಂಡ್ಯಾ?" ಎರಡು ಕಡೆಯೂ ಕಾಫಿ ಕೊಡುತ್ತಾರೆ, ಎರಡನ್ನೂ ಕುಡಿಯಬೇಕು, ಎರಡನೆಯದನ್ನು ಮೊದಲನೆಯದರಷ್ಟೇ ಆಸೆಯಿಂದ ಕುಡಿಯಬೇಕು. ಕತ್ತರಿಸಿದ ಎಲೆಯಲ್ಲಿ ಎಳೆಯದನ್ನು ಆರಿಸಿ ಎರಡು ಪಾಲು ಮಾಡುತ್ತಿದ್ದೆ. ಇಬ್ಬರೂ ಅದನ್ನು ಅರೆದು ತಲೆಗೆ ಹಚ್ಚಿಕೊಳ್ಳುತ್ತಿದ್ದರು. ಮಾತಿಲ್ಲದ ಎರಡು ಮನೆಗಳಲ್ಲಿ ಒಂದೇ ಭಾನುವಾರ ಒಂದೇ ಬೇಲಿಯ ಲೋಳೆ ಇಬ್ಬರ ತಲೆಯಲ್ಲೂ ಇರುತ್ತಿತ್ತು. ಇದನ್ನು ಯೋಚಿಸಿ ನನಗೊಬ್ಬನಿಗೇ ನಗು ಬರುತ್ತಿತ್ತು.

ದಾಸವಾಳ ಮಾರುಕಟ್ಟೆಯಲ್ಲಿ ರಾಶಿ ಹಾಕಿ ಮಾರುವ ಹೂವಲ್ಲ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಬೇಕಾದವರು ಮನೆಯಲ್ಲೇ ಕಿತ್ತುಕೊಳ್ಳಬೇಕು. ಹಾಗಾಗಿ ಬೆಳಗಾಗುತ್ತಲೇ ಇಬ್ಬರೂ ಬುಟ್ಟಿ ಹಿಡಿದು ಬೇಲಿಗೆ ಬರುತ್ತಿದ್ದರು. ಈ ಕಡೆ ಬಿಟ್ಟ ಹೂ ಈ ಕಡೆಯವರಿಗೆ, ಆ ಕಡೆಯದು ಆ ಕಡೆಯವರಿಗೆ, ನೆತ್ತಿಯದು ಕೈಗೆಟುಕಿದವರಿಗೆ. ಎಲೆ ಎಷ್ಟು ದಟ್ಟವಾಗಿತ್ತೆಂದರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಬಳೆಯ ಸದ್ದು, ಕೊಂಬೆ ಬಗ್ಗಿಸಿದಾಗ ಇನ್ನೊಂದು ಕಡೆಗೆ ಬೀಳುವ ಎಲೆಮೇಲಿನ ನೀರು, ಕೆಮ್ಮು, ಇಷ್ಟೇ. ನಾನು ಬೇಗ ಬಂದ ದಿನಗಳಲ್ಲಿ ಗೇಟಿನ ಹತ್ತಿರ ನಿಂತು ನೋಡಿದ್ದೇನೆ. ಒಬ್ಬರು ತಡಮಾಡಿದರೆ ಇನ್ನೊಬ್ಬರು ಕೀಳುವುದನ್ನು ನಿಧಾನ ಮಾಡುತ್ತಿದ್ದರು. ಹಾಗೆಂದು ನಾನು ಅಂದುಕೊಂಡಿದ್ದೇನೆ. ಮಂಡಿನೋವಿಗೆ ನಿಧಾನ ಮಾಡಿರಲೂಬಹುದು.

ಎರಡು ಮನೆಗೆ ಸೇರಿದ ಬೇಲಿ ಸವರಲು ಕತ್ತರಿ ಮತ್ತು ಹುರಿ ಸಾಲದು, ಮಾತೂ ಬೇಕು. ನನ್ನ ಮಾತಿನ ರೀತಿ ಇದು: ಯಾವುದಕ್ಕೇ ಆಗಲಿ, ನಾನು ಯಾರನ್ನು ಮೊದಲು ಕೇಳುತ್ತೇನೋ ಅವರ ಹತ್ತಿರ "ಆ ಕಡೆಯಮ್ಮ ಆಗ್ಲೇ ಒಪ್ಕೊಂಡ್ರು" ಎನ್ನುವುದು. ಅಲ್ಲಿ ಒಪ್ಪಿಗೆ ಸಿಕ್ಕಿತೆಂದು ಕೇಳಿದರೆ ಇಲ್ಲಿ ಬೇಡ ಎನ್ನಲು ಬಿಗುಮಾನ ಬಿಡುವುದಿಲ್ಲ. ಹೀಗೆ ಗೊಬ್ಬರ ಹಾಕಿಸಿದ್ದೇನೆ, ಬೇವಿನೆಣ್ಣೆ ಹೊಡೆಸಿದ್ದೇನೆ. ಒಮ್ಮೆ ಸುಮ್ಮನೆ, ಏನೂ ಕೆಲಸವಿಲ್ಲದೆ, ಸುಲೋಚನಮ್ಮನವರಿಗೆ "ನಿಮ್ಮ ಕಡೆ ಹೂವಿನ ಬಣ್ಣ ಚೆನ್ನಾಗಿದೆ ಅಂದ್ರು ಆ ಕಡೆಯಮ್ಮ" ಎಂದೆ. ಆವತ್ತಿನ ಕಾಫಿಗೆ ಕೋಡುಬಳೆ ಬಂತು.

ಆ ವರ್ಷ ಯುಗಾದಿಗೆ ಮುಂಚೆಯೇ ಬೇಲಿಗೆ ಬಿಳಿ ಹುಳ ಹತ್ತಿತು. ಕೊಂಬೆಯ ಸಂದುಗಳಲ್ಲಿ ಹತ್ತಿ ಅಂಟಿಸಿದ ಹಾಗೆ, ಮೊಗ್ಗು ಮುಟ್ಟಿದರೆ ಉದುರುತ್ತಿತ್ತು. ಎಣ್ಣೆಗೆ ಜಗ್ಗಲಿಲ್ಲ. ಬುಡದವರೆಗೆ ಇಳಿಸಿ ಹೊಸ ಚಿಗುರು ತೆಗೆಸುವುದೇ ಸರಿ ಎಂದು ನನಗೆ ತೋರಿತು. ಈಗಲೂ ಅದು ತಪ್ಪು ಲೆಕ್ಕವೆಂದು ಹೇಳಲಾರೆ. ಬೇರೆ ಬೇಸಿಗೆಗಳಲ್ಲಿ ಬೇರೆ ಬೇಲಿಗಳನ್ನು ಹಾಗೆ ಇಳಿಸಿದ್ದೇನೆ, ಯುಗಾದಿಯ ನಂತರದ ಒಂದೆರಡು ಮಳೆಗೆ ಅವು ಚಿಗುರಿವೆ.

"ಬುಡಕ್ಕೇ ಕತ್ತರಿಸ್ತೀಯಾ?" ಎಂದರು ಸುಲೋಚನಮ್ಮ. "ಶ್ರಾವಣಕ್ಕೆ ಹೂವಿಗೇನ್ ಮಾಡ್ಲಿ? ದಿನಾ ಕೆ.ಆರ್. ಮಾರ್ಕೆಟ್ಟಿಗೆ ಹೋಗ್ಲಾ?"

"ಶ್ರಾವಣದೊಳಗೆ ಎದೆಮಟ್ಟ ಬಂದಿರುತ್ತಮ್ಮ. ಆ ಕಡೆಯಮ್ಮ ಆಗ್ಲೇ ಒಪ್ಕೊಂಡ್ರು."

"ಅವ್ರಾ? ಅವ್ರು ಯಾವತ್ತು ಯಾವುದಕ್ಕೆ ಒಪ್ಕೊಂಡಿದಾರೆ."

"ಆ ಕಡೆಯವ್ರನ್ನೂ ಒಂದು ಮಾತು ಕೇಳು ಅಂದ್ರು."

ಸುಲೋಚನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಾಗಂದ್ರಾ. ಸರಿ, ಮಾಡು ಹಾಗಾದ್ರೆ."

ಶಿವಗಂಗಮ್ಮನವರನ್ನು ನಾನು ಇನ್ನೂ ಕೇಳಿಯೇ ಇರಲಿಲ್ಲ. ಸುತ್ತಿಬಂದು ಅವರ ಗೇಟು ತೆಗೆದು ಅದೇ ಮಾತು ಹೇಳಿದೆ. "ನನ್ನನ್ನ ಕೇಳು ಅಂದ್ರಾ?" ಎಂದು ಅವರು ಹುಬ್ಬೇರಿಸಿದರು. "ಪರವಾಗಿಲ್ವೇ, ಈ ವಯಸ್ಸಿಗಾದ್ರೂ ಬಂತಲ್ಲ ಬುದ್ಧಿ." ನಕ್ಕರು. ಆ ನಗುವನ್ನೇ ಒಪ್ಪಿಗೆಯೆಂದು ಹಿಡಿದು ನಾನು ಕತ್ತರಿ ಎತ್ತಿದೆ.

ಗರಗಸದಲ್ಲಿ ಬುಡ ಕೊಯ್ದು ಮುಗಿಸುವ ಹೊತ್ತಿಗೆ ಎರಡು ಅಂಗಳ ಸೇರಿ ಒಂದೇ ಅಂಗಳವಾಗಿತ್ತು. ಈ ವರಾಂಡದ ಕುರ್ಚಿ ಆ ವರಾಂಡದ ಕುರ್ಚಿಗೆ ನೇರ ಎದುರು. ಇದು ನನಗೆ ಮೊದಲೇ ಹೊಳೆಯಲಿಲ್ಲ. ಗಿಡದ ಬಗ್ಗೆ ಯೋಚಿಸಿದ್ದೆ, ಮರೆಯ ಬಗ್ಗೆ ಯೋಚಿಸಿರಲಿಲ್ಲ.

ಅದಾದ ಕೆಲ ದಿನಕ್ಕೆ ಮೋಟುಗಳನ್ನು ನೋಡಲು ಹೋದಾಗ ಶಿವಗಂಗಮ್ಮ ಹಿಡಿದುಕೊಂಡರು. "ಏನಪ್ಪ ಮುನಿರಾಜು, ಹಿಂಗೆ ಬೋಳಿಸಿಬಿಟ್ಯಲ್ಲ. ಅಭ್ಯಾಸಬಲ, ಬೆಳಗ್ಗೆ ಬುಟ್ಟಿ ತಗೊಂಡು ಆಚೆ ಬಂದ್ಬಿಟ್ಟೆ. ಅವ್ರೂ ಬುಟ್ಟಿ ಹಿಡ್ಕೊಂಡು ಎದುರಿಗೇ ನಿಂತಿದಾರೆ. ಕೀಳಕ್ಕೆ ಇಬ್ರಿಗೂ ಒಂದು ಹೂವಿಲ್ಲ."

"ಮಾತಾಡಿದ್ರಾಮ್ಮ?"

"ಏನ್ ಮಾತಾಡೋದು. ಸುಮ್ನೆ ನಿಂತಿದ್ವಿ." ಆಮೇಲೆ ತಾವೇ: "ತುಂಬ ಇಳಿದುಹೋಗಿದಾರೆ ಕಣೋ. ರೋಡಲ್ಲಿ ನೋಡಿದ್ರೆ ಗೊತ್ತಾಗಲ್ಲ. ಶುಗರ್ ಇರ್ಬೇಕು."

ಇದನ್ನು ಸುಲೋಚನಮ್ಮನವರ ಹತ್ತಿರ ಮೆಲ್ಲಗೆ ತೆಗೆದೆ. "ನಾನಾ? ನಾನಂತೂ ಆಚೆಗೇ ಬಂದಿಲ್ಲಪ್ಪ, ಹೂವೇ ಇಲ್ದಿರೋವಾಗ ಯಾಕೆ ಬರ್ಲಿ" ಎಂದರು. ಆಮೇಲೆ ನಾನು ಗೇಟಿನ ಹತ್ತಿರ ಹೋಗುವಾಗ ಹಿಂದಿನಿಂದ, "ಅವ್ರೇನಾದ್ರೂ ಅಂದ್ರಾ?" ಎಂದರು. ಇಬ್ಬರಲ್ಲಿ ಯಾರದು ನಿಜವೋ. ಇಬ್ಬರೂ ಎದುರುಬದುರು ಖಾಲಿ ಬುಟ್ಟಿ ಹಿಡಿದು ನಿಂತ ಚಿತ್ರ ನನಗೆ ಎಷ್ಟು ಸ್ಪಷ್ಟವಾಗಿದೆ ಎಂದರೆ ನಾನೇ ಕಂಡವನ ಹಾಗೆ ಬೇರೆಯವರಿಗೆ ಹೇಳಿದ್ದೇನೆ. ನಾನು ಕಂಡಿಲ್ಲ.

ಮಳೆ ಬರಲಿಲ್ಲ. ಆ ಬೇಸಿಗೆಯನ್ನು ಊರಿನವರಿಗೆ ನೆನಪಿಸಬೇಕಾಗಿಲ್ಲ. ಮೊದಲು ಒಂದು ಬೀದಿಯ ಬೋರು ಬತ್ತಿತು, ಆಮೇಲೆ ಪಕ್ಕದ್ದು. ಬೆಳಗ್ಗೆ ಎದ್ದರೆ ಟ್ಯಾಂಕರಿನ ಹಾರ್ನು. ಗಿಡಕ್ಕೆ ಕುಡಿಯುವ ನೀರು ಹಾಕಿದರೆ ದಂಡ ಎಂದರು, ಹಾಕುವವರನ್ನು ಎದುರು ಮನೆಯವರೇ ಫೋನಿನಲ್ಲಿ ಫೋಟೋ ಹಿಡಿಯುತ್ತಾರೆ ಎಂದರು. ಪಾತ್ರೆ ತೊಳೆದ ನೀರಿನಲ್ಲಿ ಬಚ್ಚಲು ತೊಳೆಯುವ ಕಾಲ. ಮನೆಮನೆಯಲ್ಲೂ ನನ್ನ ಕೆಲಸ ನಿಂತಿತು. ಮೋಟುಗಳು ಸುಣ್ಣದ ಬಣ್ಣಕ್ಕೆ ತಿರುಗುತ್ತಿದ್ದವು. ಎಲೆಯಿಲ್ಲದ ಗಿಡಕ್ಕೆ ಹೆಚ್ಚು ನೀರು ಬೇಡ. ಆದರೆ ಚಿಗುರಿನ ಕಣ್ಣು ಬಿಡುವವರೆಗೆ ಬುಡ ತಣ್ಣಗಿರಬೇಕು.

ಆಗ ನಾನು ನನ್ನ ಹಳೆಯ ದಾರಿಯನ್ನೇ ಹಿಡಿದೆ. ಪೂರ್ವಕ್ಕೆ ಹೋಗಿ, "ಆ ಕಡೆಯಮ್ಮ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲ ತಂದು ಹಾಕ್ತಿದಾರಮ್ಮ" ಎಂದೆ.

"ಈ ನೀರಿನ ಕಷ್ಟದಲ್ಲಾ?"

"ದಿನಾ. ಅಗೋ ನೋಡಿ, ಬಕೆಟ್ಟು."

ಎದುರು ವರಾಂಡದಲ್ಲಿ ಒಂದು ನೀಲಿ ಬಕೆಟ್ಟು ಇತ್ತು, ಕಾರು ಒರೆಸುವ ಬಕೆಟ್ಟು. ಸುಲೋಚನಮ್ಮ ಅದನ್ನೇ ನೋಡುತ್ತಾ ನಿಂತರು. ಬಕೆಟ್ಟು ನಿಜವಾಗಿ ಇತ್ತೇ ಎಂದು ಕೇಳಿದರೆ ಇತ್ತು ಎನ್ನುತ್ತೇನೆ, ಆದರೆ ಸುಳ್ಳಿಗೆ ಒಂದು ಸಾಕ್ಷಿಯಿರಲಿ ಎಂದು ಆಮೇಲೆ ನೆನಪಿನಲ್ಲಿ ನಾನೇ ಅದನ್ನು ಅಲ್ಲಿ ಇಟ್ಟುಕೊಂಡೆನೋ ಎಂಬ ಅನುಮಾನವೂ ಇದೆ.

ಪಶ್ಚಿಮಕ್ಕೆ ಬಂದು ಅದೇ ಮಾತು. ಶಿವಗಂಗಮ್ಮ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಿದರು. "ದಿನಾ ಹಾಕ್ತಿದಾರಾ? ಅವ್ರ ಮನೇಲಿ ಟ್ಯಾಂಕರ್ ಬರೋದೇ ಎರಡು ದಿನಕ್ಕೊಂದ್ಸಲ ಅಂತ ಕೆಲಸದವಳು ಹೇಳ್ತಿದ್ಲು."

"ಆದ್ರೂ ಹಾಕ್ತಿದಾರಮ್ಮ."

"ಅವ್ರು ಹಾಕಿದ ನೀರು ಈ ಕಡೆಗೂ ಬರುತ್ತಾ?"

"ಬರದೇ ಏನಮ್ಮ, ಬೇರು ಒಂದೇ ತಾನೇ."

ಇದಾದ ಮೇಲೆ "ಆದ್ರೂ ನೀವೂ ಹಾಕಿ" ಎಂದು ಹೇಳಿದೆನೇ? ಹೇಳಿರಬೇಕು. ಹೇಳದೇ ಹೇಗೆ ಹೊರಡುತ್ತೇನೆ? ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿದಿಲ್ಲ. ಉಳಿದಿರುವುದು ಬೇರು ಒಂದೇ ತಾನೇ ಎಂದದ್ದು, ಅದನ್ನು ಹೇಳಿದಾಗ ಒಳ್ಳೆಯ ಮಾತಾಡಿದೆ ಎಂದು ನನಗೇ ಖುಷಿಯಾದದ್ದು.

ಆಮೇಲೆ ನಾನು ಹೋಗಲಿಲ್ಲ. ಕನಕಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಿಸಿದ ನೀರಿತ್ತು, ಹುಲ್ಲುಹಾಸಿತ್ತು, ನನ್ನನ್ನು ಕಾಯಂ ಮಾಡಿಕೊಂಡರು. ಅಲ್ಲಿ ಆ ಬೇಸಿಗೆಯಲ್ಲಿ ಪೈಪು ಹಿಡಿದು ನಿಂತವನು ನಾನೊಬ್ಬನೇ ಎನ್ನಿಸುತ್ತಿತ್ತು. ಸಂಜೆ ಬಸ್ಸು ಬಸವನಗುಡಿಯ ಮೇಲೇ ಬರುತ್ತಿತ್ತು. ಆ ಅಡ್ಡರಸ್ತೆಯ ತಿರುವು ಕಿಟಕಿಯಿಂದ ಕಾಣುತ್ತಿತ್ತು. ಇಳಿದು ಒಂದು ಕಣ್ಣು ಹಾಯಿಸಿದ್ದರೆ, ಬುಡದ ಮಣ್ಣಿಗೆ ಬೆರಳು ಚುಚ್ಚಿದ್ದರೆ, ಎಲ್ಲ ತಿಳಿಯುತ್ತಿತ್ತು. ನಾಳೆ ಇಳಿಯೋಣ ಎಂದುಕೊಳ್ಳುತ್ತಿದ್ದೆ. ಸುಸ್ತು ಎಂಬುದು ನಿಜ. ಇಳಿಯದೇ ಇದ್ದದ್ದಕ್ಕೆ ಅದೇ ಕಾರಣವೆಂಬುದು ಪೂರ್ತಿ ನಿಜವಲ್ಲ. ಹೇಳಿದ ಸುಳ್ಳು ಫಲಿಸಿದೆಯೋ ಇಲ್ಲವೋ ಎಂದು ನೋಡಲು ಅಂಜಿಕೆಯಿತ್ತು.

ಮುಂಗಾರು ಚೆನ್ನಾಗಿ ಹಿಡಿದ ಮೇಲೆ ಹೋದೆ. ರಸ್ತೆಯ ಎಲ್ಲ ಕಾಂಪೌಂಡುಗಳಲ್ಲೂ ಹಸಿರು ಉಕ್ಕುತ್ತಿತ್ತು. ನಮ್ಮ ಬೇಲಿಯಲ್ಲಿ ಗೇಟಿನ ಹತ್ತಿರದ ಒಂದು ಮೋಟು ಮಾತ್ರ ಕಣ್ಣು ಬಿಟ್ಟಿತ್ತು, ಅದೂ ಬಿಟ್ಟು ಸುಟ್ಟುಹೋಗಿತ್ತು. ಉಳಿದವನ್ನು ಒಂದೊಂದಾಗಿ ಉಗುರಿನಿಂದ ಕೆರೆದೆ. ಸಿಪ್ಪೆಯ ಕೆಳಗೆ ಹಸಿರಿಲ್ಲ. ಬುಡದ ಮಣ್ಣಿನ ಮೇಲೆ ಬೂದುಬಣ್ಣದ ಒಂದು ಪೊರೆ ಒಡೆದು ಚಕ್ಕೆಯೆದ್ದಿತ್ತು. ಅದು ಸೋಪಿನ ನೀರು ಒಣಗಿದ್ದಿರಬಹುದು. ಮೂರನೇ ಮನೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು, ಸಿಮೆಂಟಿನ ಧೂಳೂ ಮಳೆಗೆ ಹಾಗೇ ಕೂರುತ್ತದೆ.

"ನೀರು ಹಾಕಿದ್ರಾಮ್ಮ?" ಎಂದು ಸುಲೋಚನಮ್ಮನವರನ್ನು ಕೇಳಿದೆ.

"ಹಾಕದೇ ಇರ್ತೀನಾ? ಅವ್ರು ಹಾಕ್ತಿರೋವಾಗ ನಾನು ಸುಮ್ನಿದ್ರೆ ಚೆನ್ನಾಗಿರುತ್ತಾ?"

ಈ ಕಡೆ ಶಿವಗಂಗಮ್ಮ, "ದಿನಾ ಹಾಕಿದೀನಪ್ಪ. ಸಾಲದು ಅಂತ ವಾಷಿಂಗ್ ಮೆಷಿನ್ ಪೈಪನ್ನೇ ಅಲ್ಲಿಗೆ ತಿರುಗಿಸಿದ್ದೆ."

ಮಹೇಶ್ ಶೂ ಹಾಕಿಕೊಳ್ಳುತ್ತಾ, "ಅಮ್ಮ, ಎರಡು ದಿನ ತಿರುಗಿಸಿದ್ದೆ ಅಷ್ಟೇ ನೀನು" ಎಂದರು.

"ನೀನು ಮನೇಲಿ ಇದ್ಯಾ ನೋಡಕ್ಕೆ?"

"ನೀನು ಹಾಕಿದ್ರೆ ಬದುಕ್ತಿರ್ಲಿಲ್ವಾ?"

"ಅವ್ರು ಹಾಕಿದ್ರೂ ಬದುಕ್ತಿತ್ತಲ್ಲ" ಎಂದು ಶಿವಗಂಗಮ್ಮ ಒಳಗೆ ಹೋದರು.

ಹೊಸ ಗಿಡ ನೆಡುತ್ತೇನೆ, ಬೇಗ ಹಿಡಿಯುತ್ತದೆ ಎಂದು ಮಹೇಶರಿಗೆ ಹೇಳಿದೆ. "ಬಿಡು ಗುರು, ಬೀದಿನಾಯಿ ಎಲ್ಲ ಎರಡು ಮನೆಗೂ ನುಗ್ತಾ ಇವೆ. ಒಂದು ಗೋಡೆ ಎತ್ತಿಸಿಬಿಡ್ತೀನಿ" ಎಂದರು. ಅಲ್ಲಿಯೇ ನಿಂತು ಸುಲೋಚನಮ್ಮನವರ ಮಗಳಿಗೆ ಫೋನು ಮಾಡಿ ನಗುನಗುತ್ತಾ ಮಾತಾಡಿದರು. ಕಾಫಿ ಆರುವುದರೊಳಗೆ ಗೋಡೆಯ ಎತ್ತರ ಕೂಡ ತೀರ್ಮಾನವಾಯಿತು. ಆ ಎರಡು ಮನೆಗಳ ನಡುವೆ ಒಂದು ಮಾತು ನನ್ನ ಬಾಯಿಂದಲ್ಲದೆ ನೇರವಾಗಿ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೋಟುಗಳನ್ನು ಅಗೆದು ತೆಗೆಯಲು ನನ್ನನ್ನೇ ಕರೆದರು. ಜ್ವರ ಎಂದೆ. ಜ್ವರವಿರಲಿಲ್ಲ. ಆ ದಿನ ಲಾಲ್‌ಬಾಗಿನ ಕೆರೆ ಏರಿಯ ಮೇಲೆ ಕೂತಿದ್ದೆ, ಅಥವಾ ಅದು ಬೇರೆ ದಿನವೋ. ಎಲ್ಲಾದರೂ ಕೂತಿದ್ದೆ, ಅಲ್ಲಿ ಇರಲಿಲ್ಲ ಎಂಬುದು ಖಂಡಿತ. ಗೋಡೆ ಕಟ್ಟುವವರು ಪಿಕಾಸಿ ಹಾಕಿ ಬೇರೆಲ್ಲ ಕಿತ್ತು, ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಿದರಂತೆ.

ನಾನು ಹೋಗಿದ್ದರೆ ಬೇರು ನೋಡಬೇಕಾಗುತ್ತಿತ್ತು. ಬೇರು ಸುಳ್ಳು ಹೇಳುವುದಿಲ್ಲ. ನೀರಿಲ್ಲದೆ ಸತ್ತ ಬೇರು ಕೈಯಲ್ಲಿ ಲಟಕ್ಕೆಂದು ಮುರಿಯುತ್ತದೆ. ನೀರು ಹೆಚ್ಚಾಗಿ ಸತ್ತ ಬೇರಿನ ಸಿಪ್ಪೆ ಒದ್ದೆ ಕಾಲುಚೀಲದ ಹಾಗೆ ಜಾರಿ ಬರುತ್ತದೆ, ನಾರುತ್ತದೆ. ಎಲೆಯೇ ಇಲ್ಲದ ಮೋಟಿಗೆ ಎರಡು ಕಡೆಯಿಂದಲೂ ದಿನವೂ ಸೋಪಿನ ನೀರು ಹೊಯ್ದರೆ ಆಗುವುದು ಅದೇ. ಹೋಗಿ ನೋಡಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು: ಆ ಕಡೆಯವರು ಹಾಕುತ್ತಾರಲ್ಲ ಎಂದು ಇಬ್ಬರೂ ಕೈಬಿಟ್ಟರೋ, ಆ ಕಡೆಯವರು ಹಾಕುತ್ತಿದ್ದಾರಲ್ಲ ಎಂದು ಇಬ್ಬರೂ ಆ ಬೇಸಿಗೆಯಲ್ಲಿ ಬಕೆಟ್ಟು ಹೊತ್ತು ಹೊತ್ತು ಸುರಿದರೋ. ಎರಡರಲ್ಲೂ ನನ್ನ ಮಾತೇ ಕಾರಣ. ಆದರೂ ಎರಡೂ ಒಂದೇ ಅಲ್ಲ.

ಹೋದ ವಾರ ಕೊನೆಯ ಕುಂಡ ಇಡುವಾಗ ಶಿವಗಂಗಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಹತ್ತಿರವೇ ಕೂತಿದ್ದರು. ಈಗ ಕೋಲು ಹಿಡಿಯುತ್ತಾರೆ. ಗೋಡೆಯ ಆಚೆ ಯಾರೋ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಕಾದು, ಶಿವಗಂಗಮ್ಮ ದನಿ ತಗ್ಗಿಸಿ ಕೇಳಿದರು.

"ಮುನಿರಾಜು, ನಿಜ ಹೇಳು. ಆ ಬೇಸಿಗೇಲಿ ಅವ್ರು ನೀರು ಹಾಕ್ತಿದ್ರಾ?"

ನಾನು ಕುಂಡದ ಮಣ್ಣು ಒತ್ತುತ್ತಿದ್ದೆ. ಕೈಯಲ್ಲಿ ಎಲೆಯ ಲೋಳೆ ಇನ್ನೂ ಅಂಟಿಕೊಂಡಿತ್ತು. ಅಮ್ಮ, ನಾನು ಆ ಮಾತು ಎರಡು ಕಡೆಯೂ ಹೇಳಿದ್ದೆ ಎನ್ನಬಹುದಿತ್ತು. ಹಾಗೆ ಹೇಳಿಬಿಟ್ಟರೆ ಇವರಿಗೆ ಏನು ಉಳಿಯುತ್ತದೆ ಎಂದು ಯೋಚಿಸಿದೆನೋ, ನನಗೆ ಈ ಕೆಲಸ ಉಳಿಯುವುದಿಲ್ಲ ಎಂದು ಯೋಚಿಸಿದೆನೋ.

"ಹಾಕ್ತಿದ್ರಮ್ಮ" ಎಂದೆ.

"ದಿನಾ?"

"ದಿನಾ."

ಅವರು ತಲೆಯಾಡಿಸಿದರು. ಕೋಲಿನ ತುದಿಯಿಂದ ಕುಂಡವನ್ನು ತೋರಿಸಿ, "ಇದನ್ನ ಇನ್ನ ಸ್ವಲ್ಪ ಗೋಡೆಗೆ ತಾಗ್ಸಿಡು, ಬೆಳೆದ್ರೆ ಕೊಂಬೆ ಆ ಕಡೆ ಹೋಗ್ಲಿ" ಎಂದರು.

ತಾಗಿಸಿಟ್ಟೆ. ಆ ಬೇಸಿಗೆಯಲ್ಲಿ ಸುಲೋಚನಮ್ಮ ನೀರು ಹಾಕಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಶಿವಗಂಗಮ್ಮ ಹಾಕಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಹಾಗಾಗಿ ಹೋದ ವಾರ ನಾನು ಹೇಳಿದ್ದು ಸುಳ್ಳೋ ನಿಜವೋ, ಅದೂ ನನಗೆ ಗೊತ್ತಿಲ್ಲ.